ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಾಡಿಗೆ ಕಾರು: ನಮ್ಮ ಕಡೆಯವರು ಧೈರ್ಯವಾಗಿ ತಗೊಳ್ಳಬಹುದಾ?

ಮಗನ ಮನೆಗೋ ಮಗಳ ಮನೆಗೋ ಅಂತ ಅಮೆರಿಕಕ್ಕೆ ಹೋಗಿಬರುವವರು ಈಗ ಕುಮಟಾ, ಹೊನ್ನಾವರ, ಶಿರಸಿ ಕಡೆ ಊರಿಗೆ ನಾಲ್ಕು ಜನ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಅಲ್ಲಿ ಶನಿವಾರ ಬರುವ ತನಕ ಮನೆಯೊಳಗೇ ಇರುತ್ತಾರೆ. ಮಕ್ಕಳಿಗೆ ರಜೆ ಸಿಕ್ಕಿದರೆ ತಿರುಗಾಟ, ಇಲ್ಲದಿದ್ದರೆ ಇಲ್ಲ. ಊರಲ್ಲಿ ಇಷ್ಟು ವರ್ಷ ಮಳೆಗಾಲದಲ್ಲೂ ದೇವಿಮನೆ ಘಟ್ಟ ಹತ್ತಿಸಿ ಇಳಿಸಿದವರು ಅಲ್ಲಿ ಹೋಗಿ ಹಿಂದಿನ ಸೀಟಿನಲ್ಲಿ ಸುಮ್ನೆ ಕೂರುವುದು ನನಗೆ ಸರಿ ಕಾಣಲಿಲ್ಲ. ಹಾಗಾಗಿ ನಾನು, ಹೆಂಡತಿ, ಶಿರಸಿಯ ಭಾವ ಸೇರಿ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಕಾರು ಬಾಡಿಗೆಗೆ ತಗೊಂಡು ದಕ್ಷಿಣದ ಕರಾವಳಿಯ ಮಾಂಟೆರೆ, ಬಿಗ್ ಸರ್ ಕಡೆ ಹೋಗಿಬಂದೆವು. ಕಂಪನಿಯ ಹೆಸರು ಬರೆಯುವುದಿಲ್ಲ. ಒಂದೇ ಕಟ್ಟಡದಲ್ಲಿ ಹಲವು ಕಂಪನಿಗಳ ಕೌಂಟರ್ ಸಾಲಾಗಿವೆ, ನಾನು ಹೇಳುವುದು ಹೆಚ್ಚುಕಮ್ಮಿ ಎಲ್ಲದಕ್ಕೂ ಹೊಂದುತ್ತದೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಗಾಡಿ ಹೊಸದು, ಸ್ವಚ್ಛ, ಹೇಳಿದ ಹೊತ್ತಿಗೆ ಕೈಗೆ ಬಂತು. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಯಾಕೆಂದರೆ, ಎಡಬದಿಯಲ್ಲಿ ಓಡಿಸುವ ದೇಶದಿಂದ ಬಂದವರು ಅಂತ ಲೈಸೆನ್ಸ್ ನೋಡಿದ ಕೂಡಲೇ ಗೊತ್ತಾಗುತ್ತದೆ, ಆದರೂ ಕೌಂಟರಿನಲ್ಲಿ ಆ ಬಗ್ಗೆ ಒಂದು ಮಾತೂ ಇಲ್ಲ, ಒಂದು ಚೀಟಿಯೂ ಇಲ್ಲ. ಇನ್ಶೂರೆನ್ಸ್ ಬಗ್ಗೆ ಮಾತ್ರ ತುಂಬಾ ಹೊತ್ತು ಮಾತಾಡುತ್ತಾರೆ. ನ್ಯೂಜಿಲೆಂಡಿನಲ್ಲಿ ಬಾಡಿಗೆ ಕಾರಿನ ಸ್ಟೇರಿಂಗಿಗೇ ಯಾವ ಬದಿಯಲ್ಲಿ ಓಡಿಸಬೇಕು ಅಂತ ನೆನಪಿಸುವ ಪಟ್ಟಿ ಹಾಕಿ ಕೊಡುವ ರೂಢಿ ಇದೆ. ಸ್ವೀಡನ್ ದೇಶ 1967ರ ಸೆಪ್ಟೆಂಬರ್ 3ರಂದು ಎಡದಿಂದ ಬಲಕ್ಕೆ ಬದಲಾಯಿತು, ಅದಕ್ಕೆ ವರ್ಷಗಟ್ಟಲೆ ಜನರನ್ನು ತಯಾರು ಮಾಡಿದ್ದರು. ಇಲ್ಲಿ ನಮಗೆ ಸಿಗುವುದು ಒಂದು ಕೀಲಿಕೈ, ಅಷ್ಟೆ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸಿಗರು ತಮ್ಮ ದೇಶದ ಲೈಸೆನ್ಸಿನಲ್ಲೇ ಓಡಿಸಬಹುದು. ಆದರೂ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಹೋಗಿ, ಕೆಲವು ಕಂಪನಿಯವರು ಕೇಳುತ್ತಾರೆ, ಬೇರೆ ರಾಜ್ಯಕ್ಕೆ ಹೋದರೂ ಉಪಯೋಗಕ್ಕೆ ಬರುತ್ತದೆ. ಕಾರವಾರವೋ ಹೊನ್ನಾವರವೋ ಶಿರಸಿಯೋ, ನಿಮ್ಮ ಆರ್‌ಟಿಒ ಯಾವುದೋ ಅಲ್ಲಿಗೆ ಫಾರ್ಮ್ 4ಎ, ಪಾಸ್‌ಪೋರ್ಟ್ ಕೊಟ್ಟು 1000 ರೂಪಾಯಿ ಶುಲ್ಕ ಕಟ್ಟಿದರೆ ಆಯಿತು. ಒಂದು ವರ್ಷ ನಡೆಯುತ್ತದೆ. ಪರ್ಮಿಟ್ ಜೊತೆಗೆ ಊರಿನ ಲೈಸೆನ್ಸ್ ಕಾರ್ಡೂ ಕೈಯಲ್ಲಿರಬೇಕು, ಪರ್ಮಿಟ್ ಒಂದೇ ಇದ್ದರೆ ನಡೆಯುವುದಿಲ್ಲ. ಇನ್ನೊಂದು, ಕ್ರೆಡಿಟ್ ಕಾರ್ಡ್ ಗಾಡಿ ಓಡಿಸುವವರ ಹೆಸರಲ್ಲೇ ಇರಬೇಕು. ಬಾಡಿಗೆಯ ಜೊತೆ ಠೇವಣಿ ಅಂತ ಒಂದಷ್ಟು ಹಣ ಅದರಲ್ಲಿ ತಡೆದಿಡುತ್ತಾರೆ, ಗಾಡಿ ವಾಪಸು ಕೊಟ್ಟ ಮೇಲೆ ಬಿಡುತ್ತಾರೆ. ಮಗಳ ಕಾರ್ಡು ಕೊಟ್ಟು ನಾನು ಓಡಿಸುತ್ತೇನೆ ಅಂದರೆ ಕೇಳುವುದಿಲ್ಲ.

ಇನ್ಶೂರೆನ್ಸ್ ಎರಡು ಥರ. ಬಾಡಿಗೆ ಗಾಡಿಗೆ ಏನಾದರೂ ಆದರೆ ಒಂದು, ನಮ್ಮಿಂದ ಬೇರೆಯವರಿಗೆ ಹಾನಿಯಾದರೆ ಇನ್ನೊಂದು. ಅಲ್ಲಿನವರಿಗೆ ಅವರ ಸ್ವಂತ ಕಾರಿನ ಪಾಲಿಸಿ ಇರುತ್ತದೆ, ನಮಗಿಲ್ಲ. ಅದಕ್ಕೇ ನಮ್ಮಂಥವರು ಎರಡನ್ನೂ ತಗೊಳ್ಳುವುದೇ ಒಳ್ಳೆಯದು. ಊರಲ್ಲಿದ್ದಾಗಲೇ, ಎರಡೂ ಸೇರಿದ ದರ ನೋಡಿ ಬುಕ್ ಮಾಡಿ. ಕೌಂಟರಿನಲ್ಲಿ ನಿಂತು ತಗೊಂಡರೆ ಜಾಸ್ತಿ ಬೀಳುತ್ತದೆ. ಪೆಟ್ರೋಲಿಗೆ ಮುಂಚೆಯೇ ದುಡ್ಡು ಕೊಟ್ಟುಬಿಡಿ, ಖಾಲಿ ಟ್ಯಾಂಕಿನಲ್ಲಿ ವಾಪಸು ತನ್ನಿ ಅಂತ ಒಂದು ಯೋಜನೆ ಹೇಳುತ್ತಾರೆ. ಬೇಡ ಅನ್ನಿ. ಕೊನೆಗೆ ಟ್ಯಾಂಕಿನಲ್ಲಿ ಉಳಿದದ್ದು ಅವರಿಗೇ ಹೋಗುತ್ತದೆ.

ಈಗ ಮುಖ್ಯ ವಿಷಯ.

ನಮಗೆ ಸಿಕ್ಕ ಗಾಡಿಯಲ್ಲಿ ಸ್ಪೀಡ್ ತೋರಿಸುವುದು ಮುಳ್ಳಲ್ಲ, ಪರದೆ. ಹಿಂದೆ ಬಾಡಿಗೆಗೆ ತಗೊಂಡವರು ಅದನ್ನು ಕಿಲೋಮೀಟರಿಗೆ ಬದಲಾಯಿಸಿ ಹಾಗೇ ಬಿಟ್ಟುಹೋಗಿದ್ದರು. ಭಾವನಿಗೆ ಖುಷಿಯಾಯಿತು. "ಇರ್ಲಿ ಬಿಡು ಭಾವ, ಕಿಲೋಮೀಟರೇ ಚಲೋ ಆಗ್ತು" ಅಂದ. ನಾನು ಒಪ್ಪಲಿಲ್ಲ. ರಸ್ತೆ ಬದಿಯ ಬೋರ್ಡಿನಲ್ಲಿ 65 ಅಂತ ಬರೆದಿರುತ್ತದೆ, ಪಕ್ಕದಲ್ಲಿ ಮೈಲಿ ಅಂತಲೂ ಇರುವುದಿಲ್ಲ, ಬರೀ ಅಂಕಿ. ನಮ್ಮ ಪರದೆಯಲ್ಲೂ 65 ಅಂತ ಕಂಡು, ಅದು ಕಿಲೋಮೀಟರ್ ಆಗಿದ್ದರೆ, ಎಲ್ಲರೂ 105 ಕಿಲೋಮೀಟರ್ ವೇಗದಲ್ಲಿ ಹೋಗುವ ರಸ್ತೆಯಲ್ಲಿ ನಾವು ಟ್ರ್ಯಾಕ್ಟರಿನಂತೆ ಹೋಗುತ್ತಿರುತ್ತೇವೆ. ಹಿಂದಿನಿಂದ ಬರುವ ದೊಡ್ಡ ಲಾರಿಗೆ ಅದು ಎಷ್ಟು ಅಪಾಯ ನೋಡಿ. ಸೆಟ್ಟಿಂಗ್ಸಿಗೆ ಹೋಗಿ ಮೈಲಿಗೆ ಹಾಕಿದೆ. ಫೋನಿನ ಮ್ಯಾಪನ್ನೂ ಮೈಲಿಗೇ ಹಾಕಿದೆ.

ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಅಲ್ಲಿ ಗಾಡಿ ಓಡಿಸುವಾಗ ಅಲ್ಲಿನ ಅಳತೆಯನ್ನು ನಮ್ಮ ಅಳತೆಗೆ ಬದಲಾಯಿಸಲು ಹೋಗಬೇಡಿ. ಮೈಲಿಯನ್ನು 1.6ರಿಂದ ಗುಣಿಸು, ಫ್ಯಾರನ್‌ಹೀಟಿನಿಂದ 32 ಕಳೆ ಅಂತ ಎಲ್ಲರೂ ಸೂತ್ರ ಹೇಳಿ ಕಳಿಸುತ್ತಾರೆ. ಮನೆಯಲ್ಲಿ ಕೂತಾಗ ಅದು ಸರಿ. ಹೊಸ ರಸ್ತೆ, ಹೊಸ ಬದಿ, ಹೊಸ ಗಾಡಿ, ಅದರ ಮೇಲೆ ತಲೆಯಲ್ಲಿ ಗುಣಾಕಾರ ಬೇರೆ ಯಾಕೆ? ಬೋರ್ಡು 25 ಅಂದರೆ ಪರದೆ 25 ಇರಲಿ. ಮುಗಿಯಿತು.

ನಾವು ಊರಲ್ಲಿ ಹೀಗೇ ಬದುಕುತ್ತಿದ್ದೇವೆ ಅಲ್ವಾ? ಮಗುವಿಗೆ ಜ್ವರ ಬಂದರೆ 102 ಅಂತೇವೆ. ಅದು ಫ್ಯಾರನ್‌ಹೀಟ್. ಅದನ್ನು ಸೆಲ್ಸಿಯಸ್ಸಿಗೆ ಬದಲಾಯಿಸಿ ನೋಡಿ ಗಾಬರಿಯಾದ ತಾಯಿ ಯಾರೂ ಇಲ್ಲ. ತೋಟದ ಅಳತೆ ಎಕರೆ, ಗುಂಟೆ. ಬಾವಿ ತೋಡಿದ್ದು ಇಷ್ಟು ಅಡಿ. ಶಿರಸಿ, ಸಿದ್ದಾಪುರದ ಅಡಿಕೆ ತೋಟದವರು ಈ ವರ್ಷ ಎಷ್ಟು ಇಂಚು ಮಳೆ ಬಂತು ಅಂತಲೇ ಕೇಳುತ್ತಾರೆ, ಮಿಲಿಮೀಟರ್ ಅಂದರೆ ಪೇಪರಿನವರ ಲೆಕ್ಕ. ಅಡಿಕೆ ಮಾರುವುದು ಕ್ವಿಂಟಲ್ಲಿಗೆ. ಟೈರಿಗೆ ಗಾಳಿ ಹಾಕಿಸುವುದು ಪಿಎಸ್ಐ ಲೆಕ್ಕದಲ್ಲಿ, ಅದಂತೂ ಅಮೆರಿಕದಲ್ಲೂ ಅದೇ. ಒಂದೊಂದು ಕೆಲಸಕ್ಕೆ ಒಂದೊಂದು ಅಳತೆ ಇಟ್ಟುಕೊಂಡು, ಯಾವುದನ್ನೂ ಯಾವುದಕ್ಕೂ ಬದಲಾಯಿಸದೆ ಸಲೀಸಾಗಿ ನಡೆಸುತ್ತಿದ್ದೇವೆ. ಹಳಬರಿಗೆ ಮೈಲಿ, ಫರ್ಲಾಂಗು ಇನ್ನೂ ನೆನಪಿದೆ. ನಮ್ಮ ದೇಶದಲ್ಲಿ ಮೆಟ್ರಿಕ್ ಕಾನೂನು ಬಂದದ್ದೇ 1956ರಲ್ಲಿ.

ಹವಾಮಾನಕ್ಕೂ ಜ್ವರದ ಲೆಕ್ಕವೇ ಸಾಕು. ಹೊರಗೆ 98 ಅಂದರೆ ನಮ್ಮ ಮೈಯಷ್ಟೇ ಬಿಸಿ. 100 ದಾಟಿದರೆ ಬಿಸಿಲಿಗೆ ಹೋಗಬೇಡಿ. ಕಾರಿನ ಎಸಿ 72ಕ್ಕೆ ಇಟ್ಟರೆ ಹಿತ. ಬಿಗ್ ಸರ್ ಕಡೆ ಬೇಸಿಗೆಯಲ್ಲೂ ಮಂಜು ಕವಿದರೆ 60ರ ಕೆಳಗೆ ಬರುತ್ತದೆ, ಕರಾವಳಿಯವರಿಗೆ ಸ್ವೆಟರ್ ಬೇಕೇ ಬೇಕು. ಸಮುದ್ರ ಪಕ್ಕದಲ್ಲಿದ್ದರೂ ಬೆವರು ಇಲ್ಲದಿರುವುದು ಹೆಂಡತಿಗೆ ಕೊನೆಯ ತನಕ ಆಶ್ಚರ್ಯ.

ದಾರಿಯ ದೂರಕ್ಕೆ ಮೈಲಿ ಎಷ್ಟು ಅನುಕೂಲ ಅಂತ ಓಡಿಸಿದ ಮೇಲೆ ಗೊತ್ತಾಯಿತು. ಗಂಟೆಗೆ 60 ಮೈಲಿಯಲ್ಲಿ ಹೋದರೆ ಒಂದು ಮೈಲಿಗೆ ಒಂದು ನಿಮಿಷ. ಬೋರ್ಡಿನಲ್ಲಿ ಸಲೀನಸ್ 20 ಅಂತಿದ್ದರೆ ಇಪ್ಪತ್ತು ನಿಮಿಷ, ಲೆಕ್ಕವೇ ಬೇಡ. ಹೆದ್ದಾರಿಯಿಂದ ಇಳಿಯುವ ಎಕ್ಸಿಟ್‌ಗಳಿಗೂ ಅಲ್ಲಿ ಮೈಲಿ ನೋಡಿಯೇ ನಂಬರ್ ಕೊಟ್ಟಿದ್ದಾರೆ. ಈಗ 350ನೇ ಎಕ್ಸಿಟ್ ದಾಟಿದಿರಿ, ಇಳಿಯಬೇಕಾದದ್ದು 330 ಅಂದರೆ ಇನ್ನು ಸುಮಾರು ಇಪ್ಪತ್ತು ಮೈಲಿ. ಕಿಲೋಮೀಟರಿಗೆ ಹಾಕಿಕೊಂಡವರಿಗೆ ಈ ಸುಲಭ ಸಿಗುವುದಿಲ್ಲ. ಅಡಿಯ ಲೆಕ್ಕ ಮಾತ್ರ ಸ್ವಲ್ಪ ರೂಢಿಯಾಗಬೇಕು. ಮ್ಯಾಪಿನವಳು 800 ಅಡಿಯಲ್ಲಿ ಬಲಕ್ಕೆ ತಿರುಗಿ ಅಂದರೆ ಇನ್ನೂ ದೂರ ಇದೆ ಅನ್ನಿಸುತ್ತದೆ, ಆದರೆ ಅದು ಕಾಲು ಕಿಲೋಮೀಟರಿಗಿಂತ ಕಡಿಮೆ. ಆಗಲೇ ಬಲ ಲೇನಿಗೆ ಬಂದಿರಬೇಕು.

ಇನ್ನು ಬದಿ. ನಮ್ಮ ಕಡೆ ಬಲಬದಿಯ ಅಭ್ಯಾಸವೇ ಯಾರಿಗೂ ಇಲ್ಲ. ಪೋರ್ಚುಗಲ್ 1928ರಲ್ಲಿ ಬಲಕ್ಕೆ ಬದಲಾದಾಗಲೂ ಅವರ ಕೈಯಲ್ಲಿದ್ದ ಗೋವಾ ಎಡದಲ್ಲೇ ಉಳಿಯಿತು, ಸುತ್ತಲೂ ಎಡವೇ ಇತ್ತಲ್ಲ. ಹಾಗಾಗಿ ಗೋವಾ ಗಡಿಯ ಮಾಜಾಳಿ ದಾಟಿದರೂ ರಸ್ತೆ ಬದಿ ಬದಲಾದ ಕಾಲ ಇಲ್ಲ. ಅಲ್ಲಿ ನನಗೆ ತುಂಬಾ ಸಹಾಯವಾದದ್ದು ಎರಡು ಗುರುತು. ಒಂದು, ಡ್ರೈವರ್ ಕೂರುವ ಬದಿ ಯಾವತ್ತೂ ರಸ್ತೆಯ ನಡುಗೆರೆ ಕಡೆಗೇ ಇರಬೇಕು. ಊರಲ್ಲೂ ಹಾಗೇ, ಅಲ್ಲೂ ಹಾಗೇ. ಎರಡು, ಹಳದಿ ಗೆರೆ. ಎದುರಿನಿಂದ ಬರುವವರನ್ನೂ ನಮ್ಮನ್ನೂ ಬೇರೆ ಮಾಡುವ ಗೆರೆ ಅಲ್ಲಿ ಹಳದಿ, ಒಂದೇ ದಿಕ್ಕಿಗೆ ಹೋಗುವ ಲೇನುಗಳ ನಡುವಿನದು ಬಿಳಿ. ಹಳದಿ ಗೆರೆ ನಮ್ಮ ಎಡಗೈ ಕಡೆ ಇದ್ದರೆ ಸರಿಯಾದ ಬದಿಯಲ್ಲಿದ್ದೇವೆ ಅಂತ ಅರ್ಥ. ಭಾವನ ಕೆಲಸವೇ ಅದಾಯಿತು. ಪ್ರತಿ ತಿರುವು ಮುಗಿದ ಕೂಡಲೇ "ಹಳದಿ ನಿನ್ನ ಬದಿಗೇ ಇದ್ದು ಭಾವ, ಸರಿ ಇದ್ದು" ಅನ್ನುತ್ತಿದ್ದ. ಪಕ್ಕದಲ್ಲಿ ಹೀಗೆ ಹೇಳುವವರು ಒಬ್ಬರು ಇರಲೇಬೇಕು. ಒಬ್ಬರೇ ಹೋಗುವುದಾದರೆ ಮೊದಲ ದಿನ ನಾನಂತೂ ಬೇಡ ಅನ್ನುತ್ತೇನೆ.

ಗಾಡಿಗಳು ತುಂಬಾ ಇರುವಾಗ ತೊಂದರೆ ಇಲ್ಲ, ಮುಂದಿನವರ ಹಿಂದೆ ಹೋದರಾಯಿತು. ಕಷ್ಟ ಇರುವುದು ಬೆಳಿಗ್ಗೆ ಬೇಗ, ಖಾಲಿ ರಸ್ತೆಯಲ್ಲಿ, ಪೆಟ್ರೋಲ್ ಬಂಕಿನಿಂದಲೋ ಹೋಟೆಲಿನಿಂದಲೋ ಹೊರಗೆ ಬರುವಾಗ. ಆಗ ಕೈ ತನ್ನಷ್ಟಕ್ಕೆ ಎಡಬದಿಗೆ ಎಳೆಯುತ್ತದೆ. ಎಡಕ್ಕೆ ತಿರುಗುವುದು ಅಲ್ಲಿ ದೊಡ್ಡ ತಿರುವು, ಬಲಕ್ಕೆ ಸಣ್ಣ ತಿರುವು. ಇಂಡಿಕೇಟರ್ ಸ್ಟೇರಿಂಗಿನ ಎಡಗಡೆ ಇದೆ, ನಮ್ಮ ಮಾರುತಿ, ಹುಂಡೈ ಓಡಿಸಿದವರಿಗೆ ಬಲಗಡೆ ರೂಢಿ, ಹಾಗಾಗಿ ಮೊದಮೊದಲು ಇಂಡಿಕೇಟರ್ ಬದಲು ವೈಪರ್ ಓಡುವುದು ಸಹಜ. ಇನ್ನೊಂದು ಸೂಕ್ಷ್ಮ. ಎಡ ಸೀಟಿನಲ್ಲಿ ಕೂತಾಗ ಗಾಡಿಯ ಬಹುಭಾಗ ನಮ್ಮ ಬಲಕ್ಕಿರುತ್ತದೆ. ಅದರ ಅಂದಾಜು ಸಿಗದೆ ಗಾಡಿ ಬಲಕ್ಕೆ, ಅಂದರೆ ರಸ್ತೆಯ ಅಂಚಿಗೆ, ಸರಿಯುತ್ತಾ ಹೋಗುತ್ತದೆ. ಬಲಗಡೆ ಕನ್ನಡಿಯಲ್ಲಿ ಬಿಳಿ ಗೆರೆ ಆಗಾಗ ನೋಡುತ್ತಿರಬೇಕು.

ಇಲ್ಲಿ ಕಂಪನಿಯ ಒಬ್ಬ ಕೆಲಸದವರನ್ನು ನೆನೆಯಬೇಕು. ಕೌಂಟರಿನವರಲ್ಲ, ಗಾಡಿ ನಿಲ್ಲಿಸುವ ಮಹಡಿಯಲ್ಲಿ ಕೀಲಿಕೈ ಕೊಡುವ ವಯಸ್ಸಾದ ಹೆಂಗಸು. ನಾವು ಮೂವರೂ ಗಾಡಿಯೊಳಗೆ ಅದನ್ನು ಇದನ್ನು ಒತ್ತಿ ನೋಡುತ್ತಿದ್ದದ್ದನ್ನು ಕಂಡು ಹತ್ತಿರ ಬಂದು ಎಲ್ಲಿಂದ ಬಂದಿರಿ ಅಂತ ಕೇಳಿದರು. ಇಂಡಿಯಾ ಅಂದೆ. ಅವಸರ ಮಾಡಬೇಡಿ, ಈ ಮಹಡಿಯಲ್ಲೇ ಸುತ್ತು ಹಾಕಿ, ಕೈ ಕೂತ ಮೇಲೆ ಇಳಿಯಿರಿ ಅಂದರು. ಕನ್ನಡಿ ಸರಿಮಾಡಿ ಕೊಟ್ಟರು, ದೀಪ ಎಲ್ಲಿ, ಪಾರ್ಕಿಂಗ್ ಬ್ರೇಕ್ ಎಲ್ಲಿ ತೋರಿಸಿದರು. ಅಷ್ಟು ಹೊತ್ತಿನ ಆ ಉಪಕಾರ ಇಡೀ ಪ್ರವಾಸಕ್ಕೆ ಸಾಕಾಯಿತು. ಅವರು ಮಾಡಿದ್ದನ್ನೇ ಕಂಪನಿ ಎಲ್ಲರಿಗೂ ನಿಯಮವಾಗಿ ಮಾಡಬೇಕು. ಒಂದು ಹಾಳೆ ಮುದ್ರಿಸಿ ಕೊಡಲು ಎಷ್ಟು ಖರ್ಚಾದೀತು?

ರಸ್ತೆಯ ನಡತೆಯಲ್ಲಿ ನಮಗೆ ಹೊಸದು ಬಹಳ ಇದೆ. ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರುವ ಕೂಡುರಸ್ತೆ ನಮ್ಮಲ್ಲಿ ಇಲ್ಲವೇ ಇಲ್ಲ. ಪೊಲೀಸ್ ಇಲ್ಲ, ಸಿಗ್ನಲ್ ಇಲ್ಲ. ಎಲ್ಲರೂ ಬಂದು ಪೂರ್ತಿ ನಿಲ್ಲುತ್ತಾರೆ, ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ. ಇಬ್ಬರು ಒಟ್ಟಿಗೇ ಬಂದರೆ ಬಲಗಡೆ ಇರುವವರಿಗೆ ಮೊದಲ ಅವಕಾಶ. ಕುಮಟಾದ ಗಿಬ್ ಸರ್ಕಲ್ಲಿನಲ್ಲಿ ಮೂತಿ ತೂರಿಸಿದವರು ಮೊದಲು ಅನ್ನುವ ಲೆಕ್ಕದಲ್ಲಿ ಬೆಳೆದ ನಮಗೆ ಇದು ನೋಡಲೇ ಚಂದ. ಆದರೆ ನಿಧಾನ ಮಾಡಿ ಜಾರಿಸಿಕೊಂಡು ಹೋಗಬೇಡಿ, ಚಕ್ರ ಪೂರ್ತಿ ನಿಲ್ಲಬೇಕು. ಕೆಂಪು ಸಿಗ್ನಲ್ ಇದ್ದರೂ, ಬೇಡ ಅಂತ ಬೋರ್ಡ್ ಇಲ್ಲದಿದ್ದರೆ, ಪೂರ್ತಿ ನಿಂತು ನೋಡಿ ಬಲಕ್ಕೆ ತಿರುಗಬಹುದು. ಹಳದಿ ಸ್ಕೂಲ್ ಬಸ್ ಕೆಂಪು ದೀಪ ಮಿನುಗಿಸಿ ನಿಂತರೆ ಅದರ ಹಿಂದಿನವರು ನಿಲ್ಲಬೇಕು, ಎರಡೇ ಲೇನಿನ ರಸ್ತೆಯಾದರೆ ಎದುರಿನಿಂದ ಬರುವವರೂ ನಿಲ್ಲಬೇಕು. ಇದು ನನಗೆ ತುಂಬಾ ಹಿಡಿಸಿತು. ಹೆದ್ದಾರಿ 66ರ ಪಕ್ಕದಲ್ಲಿ ನಮ್ಮ ಮಕ್ಕಳು ಬಸ್ಸಿಳಿದು ರಸ್ತೆ ದಾಟುವುದನ್ನು ದಿನಾ ನೋಡುವವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

ಹಾರ್ನ್ ಮುಟ್ಟಬೇಡಿ, ಜಗಳಕ್ಕೆ ಕರೆದಂತೆ ಆಗುತ್ತದೆ. ಲೈಟ್ ಮಿನುಗಿಸುವುದೂ ಹಾಗೇ. ನಮ್ಮಲ್ಲಿ ಎದುರಿನವರು ಡಿಪ್ಪರ್ ಹೊಡೆದರೆ ನಾನು ಬರ್ತಿದ್ದೇನೆ, ನೀನು ನಿಲ್ಲು ಅಂತ. ಅಲ್ಲಿ ಎಷ್ಟೋ ಸಲ ನೀವು ಹೋಗಿ ಅಂತ ದಾರಿ ಬಿಡಲು ಹೊಡೆಯುತ್ತಾರೆ. ಯಾವುದು ಅಂತ ಖಾತ್ರಿ ಇಲ್ಲದಿದ್ದರೆ ಗಾಡಿಯ ಚಲನೆ ನೋಡಿ, ಲೈಟ್ ನಂಬಬೇಡಿ. ಪೊಲೀಸರು ಹಿಂದೆ ಬಂದು ದೀಪ ಹಾಕಿದರೆ ಬಲಕ್ಕೆ ತಗೊಂಡು ನಿಲ್ಲಿಸಿ, ಒಳಗೇ ಕೂತಿರಿ, ಕೈ ಸ್ಟೇರಿಂಗಿನ ಮೇಲೆ ಕಾಣುವಂತಿರಲಿ. ನಮ್ಮಲ್ಲಿ ಕಾಗದ ಹಿಡಿದು ಇಳಿದು ಸಾಹೇಬರ ಹತ್ತಿರ ಹೋಗುವುದು ಮರ್ಯಾದೆ. ಅಲ್ಲಿ ಇಳಿದರೆ ಅವರಿಗೆ ಭಯ, ನಮಗೆ ಅಪಾಯ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ, ಪಕ್ಕದಲ್ಲಿ ಕೂತವರಿಗೂ.

ಪೆಟ್ರೋಲ್ ನಾವೇ ಹಾಕಬೇಕು. ಪಂಪಿನಲ್ಲೇ ಕಾರ್ಡ್ ತೂರಿಸಿದರೆ ಅಲ್ಲಿನ ಮನೆ ವಿಳಾಸದ ಪಿನ್ ಕೋಡ್ ಕೇಳುತ್ತದೆ, ನಮ್ಮ 581ರಿಂದ ಶುರುವಾಗುವ ಆರಂಕಿ ನಡೆಯುವುದಿಲ್ಲ. ಅಂಗಡಿಯೊಳಗೆ ಹೋಗಿ, ಪಂಪ್ ನಂಬರ್ 4ಕ್ಕೆ ನಲವತ್ತು ಡಾಲರ್ ಅಂತ ಹೇಳಿ ಮೊದಲೇ ಕೊಟ್ಟು ಬನ್ನಿ. ಟ್ಯಾಂಕ್ ಬೇಗ ತುಂಬಿದರೆ ಉಳಿದದ್ದು ವಾಪಸು ಬರುತ್ತದೆ. ಪಂಪಿನ ಮೇಲೆ ಪೆಟ್ರೋಲಿನ ದರ್ಜೆ ಹೇಳುವ ಆಕ್ಟೇನ್ ಅಂಕಿ 87, 89, 91 ಅಂತ ಮೂರು ಗುಂಡಿ ಇರುತ್ತವೆ, ಸಾಮಾನ್ಯ ಕಾರಿಗೆ 87 ಸಾಕು. ಊರಿನ ಪೆಟ್ರೋಲಿನ ಅಂಕಿಯ ಎದುರು ಇದು ಕಡಿಮೆ ಅಂತ ಗಾಬರಿ ಬೇಡ, ಅಳೆಯುವ ವಿಧಾನ ಬೇರೆ. ಹಿಡಿಕೆಯ ಬಣ್ಣ ನೋಡಿ ತೆಗೆಯಬೇಡಿ, ಎಷ್ಟೋ ಬಂಕುಗಳಲ್ಲಿ ಹಸಿರು ಹಿಡಿಕೆ ಅಂದರೆ ಡೀಸೆಲ್. ಓದಿ ತೆಗೆಯಿರಿ. ಲೀಟರ್ ಇಲ್ಲ, ಗ್ಯಾಲನ್. ಒಂದು ಗ್ಯಾಲನ್ನಿಗೆ 3.785 ಲೀಟರ್. ನಮ್ಮ ಗಾಡಿ ಗ್ಯಾಲನ್ನಿಗೆ 32 ಮೈಲಿ ಆಸುಪಾಸು ಕೊಟ್ಟಿತು, ಅಂದರೆ ಲೀಟರಿಗೆ ಹದಿಮೂರೂವರೆ ಕಿಲೋಮೀಟರ್. ಇಂಥ ಲೆಕ್ಕ ರಾತ್ರಿ ಹೋಟೆಲ್ ರೂಮಿನಲ್ಲಿ ಕೂತು ಮಾಡಿ, ಭಾವನಿಗಂತೂ ಅದೇ ಖುಷಿ. ಗಾಡಿ ಓಡುವಾಗ ಬೇಡ.

ದಾರಿಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 101ನೇ ಹೆದ್ದಾರಿ ಹಿಡಿದು ಗಿಲ್ರಾಯ್ ಬಂದಾಗ ಕಿಟಕಿ ಇಳಿಸಿದರೆ ಬೆಳ್ಳುಳ್ಳಿ ವಾಸನೆ, ಆ ಊರು ಅದಕ್ಕೇ ಹೆಸರುವಾಸಿ. ಮಾಂಟೆರೆ ದಾಟಿ ಕಾರ್ಮೆಲಿನಿಂದ ದಕ್ಷಿಣಕ್ಕೆ 1ನೇ ಹೆದ್ದಾರಿ. ಒಂದು ಬದಿ ಗುಡ್ಡ, ಇನ್ನೊಂದು ಬದಿ ನೇರ ಕೆಳಗೆ ಸಮುದ್ರ. ಬಲದಲ್ಲಿ ಓಡಿಸುವುದರಿಂದ ದಕ್ಷಿಣಕ್ಕೆ ಹೋಗುವಾಗ ನಾವು ಸಮುದ್ರದ ಕಡೆಯ ಲೇನಿನಲ್ಲಿ ಇರುತ್ತೇವೆ. ಅಂಕೋಲಾದಿಂದ ಕಾರವಾರಕ್ಕೆ ಹೋಗುವಾಗಲೂ ನಾವು ಸಮುದ್ರದ ಕಡೆಗೇ, ಆದರೆ ನಮ್ಮಲ್ಲಿ ನೀರು ಎಡಕ್ಕೆ. 1932ರಲ್ಲಿ ಕಟ್ಟಿದ ಬಿಕ್ಸ್‌ಬಿ ಸೇತುವೆ 260 ಅಡಿಗೂ ಎತ್ತರದ ಕಮಾನು. ಹತ್ತಿರ ಗಾಡಿ ನಿಲ್ಲಿಸಲು ಸ್ವಲ್ಪವೇ ಜಾಗ ಇದೆ, ಬೆಳಿಗ್ಗೆ ಹೋದರೆ ಒಳ್ಳೆಯದು.

ಆ ರಸ್ತೆಯ ಒಂದು ನಿಯಮವನ್ನು ನಮ್ಮ ಘಟ್ಟಗಳಿಗೆ ತರಲೇಬೇಕು ಅನ್ನಿಸಿತು. ಎರಡೇ ಲೇನಿನ ರಸ್ತೆಯಲ್ಲಿ ನಿಧಾನವಾಗಿ ಹೋಗುವವರ ಹಿಂದೆ ಐದು ಅಥವಾ ಅದಕ್ಕಿಂತ ಜಾಸ್ತಿ ಗಾಡಿ ಸಾಲಾದರೆ, ಪಕ್ಕದಲ್ಲಿ ಅದಕ್ಕೆಂದೇ ಮಾಡಿದ ಜಾಗಕ್ಕೆ ಸರಿದು ದಾರಿ ಬಿಡಬೇಕು. ಇದು ಕಾನೂನು. ಮುಂಚೆಯೇ ಬೋರ್ಡ್ ಇರುತ್ತದೆ. ನಾವು ನಿಧಾನಕ್ಕೇ ಹೋಗುತ್ತಿದ್ದೆವು, ಪ್ರತಿ ಸಲ ಸರಿದು ಬಿಟ್ಟೆವು, ಹಿಂದಿನವರು ಕೈ ಎತ್ತಿ ಹೋದರು. ದೇವಿಮನೆ, ಅರಬೈಲು ಘಟ್ಟದಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡು ತಿರುವಿನಲ್ಲೇ ನುಗ್ಗುವವರನ್ನು ನೆನಪಿಸಿಕೊಳ್ಳಿ. ಅಂಥ ನಾಲ್ಕು ಜಾಗ ಮಾಡಿಕೊಟ್ಟರೆ ಎಷ್ಟು ಜೀವ ಉಳಿಯಬಹುದು.

ಬೇರೆ ದೇಶಕ್ಕೆ ಹೋಗುವವರಿಗೆ ಎರಡು ಮಾತು. ಇಂಗ್ಲೆಂಡಿನಲ್ಲಿ ಬದಿ ನಮ್ಮದೇ, ಅಳತೆ ಮೈಲಿ. ಅಲ್ಲಿನ ಗ್ಯಾಲನ್ 4.546 ಲೀಟರ್, ಅಮೆರಿಕದ್ದಕ್ಕಿಂತ ದೊಡ್ಡದು, ಆದರೆ ಬಂಕಿನಲ್ಲಿ ಲೀಟರ್ ಲೆಕ್ಕದಲ್ಲೇ ಮಾರುತ್ತಾರೆ. ಐರ್ಲೆಂಡ್ 2005ರ ಜನವರಿಯಿಂದ ವೇಗದ ಬೋರ್ಡುಗಳನ್ನು ಕಿಲೋಮೀಟರಿಗೆ ಬದಲಾಯಿಸಿತು, ಉತ್ತರ ಐರ್ಲೆಂಡಿನಲ್ಲಿ ಇನ್ನೂ ಮೈಲಿ. ಗಡಿ ದಾಟಿದರೆ ಅಂಕಿಯ ಅರ್ಥವೇ ಬೇರೆ, ಅಲ್ಲಿ ಓಡಿಸುವವರು ದಾಟಿದ ಮೇಲೆ ಎಲ್ಲಾದರೂ ನಿಲ್ಲಿಸಿ ಪರದೆಯನ್ನು ಬದಲಾಯಿಸಿಕೊಳ್ಳಬೇಕು.

ಗಾಡಿ ವಾಪಸು ಕೊಡುವುದು ಸುಲಭ. ವಿಮಾನ ನಿಲ್ದಾಣದ ಹತ್ತಿರ ಟ್ಯಾಂಕ್ ತುಂಬಿಸಿ, ರಸೀದಿ ಇಟ್ಟುಕೊಳ್ಳಿ. ತಗೊಳ್ಳುವಾಗಲೂ ಕೊಡುವಾಗಲೂ ಗಾಡಿಯ ನಾಲ್ಕೂ ಬದಿ ಫೋಟೋ ತೆಗೆಯಿರಿ, ಮೀಟರಿನದ್ದೂ ಒಂದು. ಟೋಲ್ ವಿಷಯದಲ್ಲಿ ಮಾತ್ರ ಕಂಪನಿ ಬಗ್ಗೆ ಬೇಸರ ಇದೆ. ಗೋಲ್ಡನ್ ಗೇಟ್ ಸೇತುವೆಯಲ್ಲಿ 2013ರಿಂದ ದುಡ್ಡು ತಗೊಳ್ಳುವ ಜನರೇ ಇಲ್ಲ, ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಬರುವಾಗ ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಬಿಲ್ ಕಂಪನಿಗೆ ಹೋಗುತ್ತದೆ, ಅವರು ಟೋಲಿನ ಮೇಲೆ ತಮ್ಮ ಸೇವಾ ಶುಲ್ಕ ಸೇರಿಸಿ ನಮ್ಮ ಕಾರ್ಡಿಗೆ ಹಾಕುತ್ತಾರೆ. ಒಂದು ಸಲ ದಾಟಿದ್ದಕ್ಕೆ ಟೋಲಿಗಿಂತ ಶುಲ್ಕವೇ ಜಾಸ್ತಿ ಬಂತು. ಈ ಶುಲ್ಕ ಎಷ್ಟು, ದಿನಕ್ಕಾ ಸಲಕ್ಕಾ ಅಂತ ಕೌಂಟರಿನಲ್ಲೇ ಕೇಳಿ ಬರೆಸಿಕೊಳ್ಳಿ. ಸೇತುವೆಗೆ ಆನ್‌ಲೈನಿನಲ್ಲಿ ನಾವೇ ಪ್ಲೇಟ್ ನಂಬರ್ ಹಾಕಿ ಕಟ್ಟುವ ದಾರಿಯೂ ಇದೆ, ಮಕ್ಕಳಿಗೆ ಹೇಳಿದರೆ ಮಾಡಿಕೊಡುತ್ತಾರೆ. ಇಲ್ಲದಿದ್ದರೆ ನಾವು ಕುಮಟಾಕ್ಕೆ ವಾಪಸು ಬಂದು ಎಷ್ಟೋ ದಿನದ ಮೇಲೆ ಆ ಬಿಲ್ ಕಾರ್ಡಿನಲ್ಲಿ ಕಾಣುತ್ತದೆ, ಅಲ್ಲಿಯ ತನಕ ಆ ಕಾರ್ಡನ್ನು ಮುಚ್ಚಿಸಬೇಡಿ.